ಆಲ್ಪ್ಸ್ ದಾಟಿದ ಮಣ್ಣೆತ್ತುಗಳು

ಶಕುನ, ಪವಾಡ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ನಕ್ಕವನೇ. ಈಗಲೂ ಮುಕ್ಕಾಲು ಪಾಲು ನಗುತ್ತೇನೆ. ಉಳಿದ ಕಾಲು ಪಾಲಿನ ಸಂಗತಿ ಇದು.

ಎರಡನೇ ಮಹಾಯುದ್ಧದ ಕಾಲ. ಮೂಡಲಗಿ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಮಾಸ್ತರ. ಭೂಗೋಳ ಕಲಿಸುವುದರಲ್ಲಿ ಸುತ್ತಿನ ಊರುಗಳಲ್ಲಿ ನನ್ನನ್ನು ಸರಿಗಟ್ಟುವವರಿರಲಿಲ್ಲ, ಜಂಬವಲ್ಲ, ಖರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲೆಂದು ಮಕ್ಕಳು ತಂದ ಎರೆಮಣ್ಣು ಬಹಳ ಉಳಿಯಿತು. ಗೋಕಾಕದ ಗುಡ್ಡವನ್ನಷ್ಟೇ ಕಂಡ ಆ ಮಕ್ಕಳಿಗಾಗಿ ಶಾಲೆಯ ಕೋಣೆಯಲ್ಲಿ ಆಲ್ಪ್ಸ್ ಪರ್ವತ ಕಟ್ಟಿಸಿದೆ. ಕುಡುಗೋಲಿನಂತೆ ಬಾಗಿದ ಸಾಲು, ಪಶ್ಚಿಮಕ್ಕೆ ಮೌಂಟ್ ಬ್ಲಾಂಕ್, ಅದರ ಪೂರ್ವಕ್ಕೆ ಮ್ಯಾಟರ್‌ಹಾರ್ನ್, ಮಾಂಟೆ ರೋಸಾ. ಹಿಮಕ್ಕೆ ಸುಣ್ಣ ಬಳಿದೆವು. ದಕ್ಷಿಣಕ್ಕೆ ಇಟಲಿ, ಉತ್ತರಕ್ಕೆ ಯುದ್ಧದ ಗೊಡವೆಯೇ ಇಲ್ಲದ ಸ್ವಿಟ್ಜರ್ಲೆಂಡ್.

ಹಬ್ಬದ ಸಂಜೆ ನೀಲವ್ವ ಬಂದಳು. ಆಕೆಯ ಗಂಡ ಬಸಪ್ಪ ಪಲ್ಟಣದವನು, ಇಟಲಿಯಲ್ಲಿ ಸೆರೆಯಾಳಾಗಿದ್ದ. ಅಲ್ಲಿಂದ ತಪ್ಪಿಸಿಕೊಂಡನೆಂಬ ಸುದ್ದಿ ಬಂದಮೇಲೆ ಸುಳಿವೇ ಇರಲಿಲ್ಲ. ಸತ್ತೇ ಹೋಗಿದ್ದಾನೆ, ಇವಳ ಬಳೆ ತೆಗೆಸಬೇಕು ಎಂದು ಮನೆಯವರು ಹಟ ಹಿಡಿದಿದ್ದರು.

"ಮಾಸ್ತರ್ರ, ಈ ಗುಡ್ಡ ದಾಟಿದ್ರ ಅವರು ಉಳೀತಾರೇನ್ರಿ?"

"ದಾಟಿದ್ರ ಉಳದಂಗ ತಂಗಿ. ಆದ್ರ ಇದನ್ನ ದಾಟೋದು ಹುಡುಗಾಟ ಅಲ್ಲ" ಎಂದೆ.

ಆಕೆ ಮನೆಯಲ್ಲಿ ಪೂಜೆಯಾದ ಮಣ್ಣೆತ್ತಿನ ಜೋಡಿಯನ್ನು ತಂದು ಇಟಲಿಯ ಬದಿಗೆ ನಿಲ್ಲಿಸಿ, ಪರ್ವತಕ್ಕೆ ಕುಂಕುಮ ಹಚ್ಚಿ ಹೋದಳು. ಭೂಗೋಳಕ್ಕೂ ಪೂಜೆ! ನನಗೆ ನಗು ತಡೆಯಲಾಗಲಿಲ್ಲ. ಕೋಣೆಗಿದ್ದದ್ದು ಒಂದೇ ಬಾಗಿಲು. ಕೀಲಿ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಬಾಗಿಲು ತೆರೆದರೆ ಎತ್ತುಗಳು ಸ್ವಿಟ್ಜರ್ಲೆಂಡಿನಲ್ಲಿ ನಿಂತಿದ್ದವು. ಮೊಣಕಾಲಿನವರೆಗೆ ಸುಣ್ಣ. ಶಿಖರಗಳ ಮೇಲೆ ಒಂದು ಗೀರೂ ಇಲ್ಲ. ಕೀಲಿಯನ್ನು ಎರಡೆರಡು ಸಲ ತಿರುವಿ ನೋಡಿದೆ. ನೀಲವ್ವ ಬಂದು ನೋಡಿ, "ದಾಟ್ಯಾರ್ರಿ" ಎಂದಷ್ಟೇ ಅಂದಳು. ಆಮೇಲೆ ಯಾರು ಎಷ್ಟು ಹೇಳಿದರೂ ಬಳೆ ಮುಟ್ಟಗೊಡಲಿಲ್ಲ. ಇವಳಿಗೆ ಸುಳ್ಳು ಆಸೆ ಹುಟ್ಟಿತಲ್ಲ ಎಂದು ನನಗೇ ಭಯವಾಗಿತ್ತು.

ಯುದ್ಧ ಮುಗಿದು ಬಸಪ್ಪ ಬಂದ. ಎಡಗಾಲಿನ ಬೆರಳುಗಳು ಹಿಮಕ್ಕೆ ಹೋಗಿದ್ದವು.

"ಕಾವಲಿನವರ ಕಣ್ಣ ತಪ್ಪಿಸಾಕ ಅಮಾಸಿ ಕತ್ತಲದಾಗ ದಾಟಿದಿವ್ರಿ. ಊರಾಗ ಇವತ್ತ ಎತ್ತಿನ ಪೂಜಿ ನಡದಿರಬೇಕು ಅಂತ ನೆನಸ್ಕೋತ ನಡದ್ನಿ" ಎಂದ. ಅಷ್ಟು ದಿನ ಕಣ್ಣೀರು ಹಾಕದ ನೀಲವ್ವ ಬಳೆ ತುಂಬಿದ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು.

ಅಮಾವಾಸ್ಯೆ ಕೂಡಿಬಂದದ್ದನ್ನು ನಾನು ವಿವರಿಸಬಲ್ಲೆ. ಕದ್ದು ದಾಟುವವರಿಗೆ ಕತ್ತಲೆಯೇ ಬೇಕು. ಆಲ್ಪ್ಸಿನ ಶಿಖರಗಳನ್ನೂ ಕಣಿವೆಗಳನ್ನೂ ಇವತ್ತಿಗೂ ಕಣ್ಣು ಮುಚ್ಚಿ ಹೇಳಬಲ್ಲೆ. ಆ ಎತ್ತುಗಳು ಯಾವ ಕಣಿವೆ ಹಿಡಿದು ಹೋದವು ಎಂದು ಮಾತ್ರ ನನ್ನನ್ನು ಕೇಳಬೇಡಿ.