ಎರಡು ಸಲ ಒತ್ತಿದ ಟಿಕೆಟು

ಪ್ರಾಗ್ ನೋಡಬೇಕೆಂದವಳು ನನ್ನ ಹೆಂಡತಿ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಆ ಊರಿನ ಚಿತ್ರವಿತ್ತು: ಗುಡ್ಡದ ಮೇಲಿನ ಕೋಟೆಯಿಂದ ಕಾಣುವ ಕೆಂಪು ಹಂಚಿನ ಮಾಡುಗಳು. ಅವಳ ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. "ಇಡೀ ಊರೇ ಹಂಚು ನೋಡಿ. ಮೇಲೆ ನಿಂತು ಒಮ್ಮೆ ನೋಡ್ಬೇಕು" ಎಂದಳು. ದುಬೈಯ ನಮ್ಮ ಫ್ಲ್ಯಾಟಿನ ಕಿಟಕಿಯಿಂದ ಇಪ್ಪತ್ತು ವರ್ಷ ಅವಳು ಕಂಡದ್ದು ಎದುರಿನ ಕಟ್ಟಡದ ಎ.ಸಿ. ಡಬ್ಬಗಳನ್ನು.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಅಲ್ಯುಮಿನಿಯಂ ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿ ಫೋರ್‌ಮನ್ ಆದೆ. ವೀಸಾ, ವಿಮಾನ, ಹೋಟೆಲು ಎಲ್ಲವನ್ನೂ ನಾನೇ ಮಾಡಿದೆ. ಮಗಳು "ಐ ವಿಲ್ ಡೂ ಇಟ್, ಪಪ್ಪ" ಎಂದರೂ ಬಿಡಲಿಲ್ಲ.

ಅಲ್ಲಿ ಟ್ರಾಮ್ ಹತ್ತಿದ ಕೂಡಲೇ ಕಾಗದದ ಟಿಕೆಟನ್ನು ಒಂದು ಪೆಟ್ಟಿಗೆಗೆ ತೂರಿಸಬೇಕು, ಅದು ಸಮಯ ಒತ್ತಿ ಕೊಡುತ್ತದೆ. ಗುಡ್ಡದ ಬುಡದಲ್ಲಿ ಇಳಿದು ಅದೇ ಟಿಕೆಟಿನಲ್ಲಿ ಇನ್ನೊಂದು ಟ್ರಾಮ್ ಹಿಡಿದರೆ ಕೋಟೆಯ ಹತ್ತಿರಕ್ಕೇ ಹೋಗಬಹುದು. ಅವಳ ಮಂಡಿನೋವಿಗೆ ಅದೇ ದಾರಿ. ಬುಡದಲ್ಲಿ ಇಳಿಯುವಾಗ ನಾನು ಎರಡೂ ಟಿಕೆಟುಗಳನ್ನು ಮತ್ತೆ ಪೆಟ್ಟಿಗೆಗೆ ಕೊಟ್ಟೆ. ದುಬೈ ಮೆಟ್ರೋದಲ್ಲಿ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಕಾರ್ಡು ಮುಟ್ಟಿಸಿ ಅಭ್ಯಾಸವಾದ ಕೈ.

"ಬೇರೆ ಯಾರೂ ಹಾಗೆ ಮಾಡುದಿಲ್ಲ ಅಲ್ವಾ? ಒಮ್ಮೆ ಕೇಳಿ."

"ನಂಗೆ ಗೊತ್ತುಂಟು. ನೀನು ಇಳಿ."

ಎರಡನೆಯ ಟ್ರಾಮಿನ ಸ್ಟಾಪಿನಲ್ಲಿ, ಬಾಗಿಲ ಪಕ್ಕದಲ್ಲೇ ಟಿಕೆಟು ನೋಡುವ ಹೆಂಗಸು ನಿಂತಿದ್ದಳು. ಎರಡು ಸಲ ಒತ್ತಿದರೆ ಟಿಕೆಟು ಹಾಳು, ಹೊಸದು ತೆಗೆದು ಬನ್ನಿ ಎಂದು ಮಗುವಿಗೆ ಹೇಳುವಂತೆ ನಿಧಾನ ಇಂಗ್ಲಿಷಿನಲ್ಲಿ ಹೇಳಿ ನಮ್ಮನ್ನು ಇಳಿಸಿದಳು. ಎಲ್ಲರೂ ನೋಡುತ್ತಿದ್ದರು.

"ಇನ್ನೆರಡು ತೆಗೆದ್ರೆ ಆಯ್ತು ಮಾರಾಯ್ರೆ."

"ಟ್ರಾಮ್ ಖಲಾಸ್. ಕಾಲುಂಟಲ್ಲ, ನಡೆಯುವ."

"ಕಾಲು ನಿಮಗುಂಟು. ನಂದು ಗ್ಯಾರಂಟಿ ಮುಗಿದ ಪಾರ್ಟು."

ಕಲ್ಲಿನ ಮೆಟ್ಟಿಲು ಅಲ್ಲಿಂದಲೇ ಶುರು. ಅರ್ಧ ಹತ್ತಿ ಅವಳು ಮಂಡಿ ಹಿಡಿದು ಪಕ್ಕದ ಕಟ್ಟೆಯಲ್ಲಿ ಕುಳಿತಳು. "ನೀವು ನೋಡಿ ಬನ್ನಿ. ಬಂದು ಹೇಳಿ."

ನಾನೊಬ್ಬನೇ ಹೋದೆ. ಬಿಸಿಲಿಗೆ ಹಂಚುಗಳು ಆಗಷ್ಟೇ ಭಟ್ಟಿಯಿಂದ ತೆಗೆದ ಹಾಗಿದ್ದವು. ಒಂದು ಫೋಟೋ ತೆಗೆದು ಇಳಿದು ಬಂದೆ.

"ಎಂತ ಉಂಟು?"

"ಎಂತದೂ ಇಲ್ಲ. ಒಂದು ಗೋಡೆ. ಸಿಕ್ಕಾಪಟ್ಟೆ ಜನ."

"ಹಾಗಾದ್ರೆ ನಾನೇ ಬಚಾವ್" ಎಂದು ನಕ್ಕಳು.

ಚಂದ ಉಂಟು ಎಂದಿದ್ದರೆ ಟಿಕೆಟು ತೆಗೆದು ಅವಳನ್ನು ಟ್ರಾಮಿನಲ್ಲೇ ಮೇಲೆ ಕರೆದೊಯ್ಯಬೇಕಾಗುತ್ತಿತ್ತು. ಆ ಟಿಕೆಟಿನ ಹೆಂಗಸು ಇನ್ನೂ ಸ್ಟಾಪಿನಲ್ಲೇ ಇದ್ದಳು, ಮೆಟ್ಟಿಲಿಂದ ಕಾಣುತ್ತಿತ್ತು.

ಮರುವರ್ಷ ಹೆಂಡತಿ ತೀರಿಕೊಂಡಳು. ಹೃದಯದ ಕಾಯಿಲೆ. ಅವಳ ಹಾಸಿಗೆಯ ಬಳಿ ಮೂರು ವಾರ ಕುಳಿತಿದ್ದೆ, ಫೋಟೋ ಇದ್ದ ಫೋನು ಕಿಸೆಯಲ್ಲೇ ಇತ್ತು. ತೋರಿಸಿದರೆ ಅಂದು ಹೇಳಿದ್ದು ಸುಳ್ಳೆಂದು ಒಪ್ಪಬೇಕಿತ್ತು. ನಾಳೆ ತೋರಿಸುವ ಎಂದುಕೊಂಡೆ.

ಫ್ರೇಮು ಹಾಕಿಸಲು ನನ್ನ ಫೋನಿನಲ್ಲಿ ಅಮ್ಮನ ಫೋಟೋ ಹುಡುಕುತ್ತ ಮಗಳು ಆ ಹಂಚಿನ ಫೋಟೋ ಕಂಡಳು. "ಇಷ್ಟು ಬ್ಯೂಟಿಫುಲ್ ಇತ್ತಾ? ಮಮ್ಮಿ ನೋಡಿದ್ಲಾ?"

"ನೋಡಿದ್ಳು."

"ಬಟ್ ಪಪ್ಪ, ಅಲ್ಲಿ ಬರೀ ಗೋಡೆ ಅಂತ ಮಮ್ಮಿ ನಂಗೆ ಹೇಳಿದ್ದು."

ಅವಳ ಕೈಯಿಂದ ಫೋನು ತೆಗೆದುಕೊಂಡೆ. ಆಮೇಲೆ ಕುಳಿತು ಎಲ್ಲವನ್ನೂ ಹೇಳಿದೆ, ಟಿಕೆಟಿನಿಂದ ಹಿಡಿದು.