ಬಟಾಣಿ ಬಿಡಿಸಿದ ಕೈ

2004ರ ಜನವರಿಯ ಒಂದು ಮಧ್ಯಾಹ್ನ ನಾನು ದೆಹಲಿಯ ಜನಕಪುರಿಯ ನಮ್ಮ ತಾರಸಿಯಲ್ಲಿ, ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದೆ. ಮಂಜು ಆಗಷ್ಟೇ ಕರಗಿತ್ತು. ಬಿಸಿಲು ಇನ್ನೂ ನಿದ್ದೆಗಣ್ಣಿನಲ್ಲಿತ್ತು. ಕೆಳಮನೆಯ ಆಂಟಿ ಚಾಪೆಯ ಮೇಲೆ ಹಸಿ ಬಟಾಣಿ ಸುರಿದುಕೊಂಡು ಕೂತಿದ್ದರು. ಪಾರ್ಶ್ವವಾಯುವಿನಿಂದ ಅವರ ಬಲಗೈ ಬಿದ್ದುಹೋಗಿತ್ತು. ಅದನ್ನೇ ದುಡಿಸುತ್ತಿದ್ದರೆ, ಮಿದುಳಿನಲ್ಲಿ ಕೆಟ್ಟ ಜಾಗದ ಸುತ್ತಲಿನ ಭಾಗ ಆ ಕೈಯ ಕೆಲಸ ಕಲಿತುಕೊಳ್ಳಬಹುದು ಎಂದಿದ್ದರು ಡಾಕ್ಟರು. ಅದಕ್ಕೇ ಎಡಗೈ ನೆರವಿಗೆ ಬಾರದಿರಲೆಂದು ಆಂಟಿ ಅದಕ್ಕೆ ಗಂಡನ ಉಣ್ಣೆಯ ಕೈಗವಸು ಹಾಕಿಸಿ, ದಾರ ಕಟ್ಟಿಸಿಕೊಳ್ಳುತ್ತಿದ್ದರು. ಯಾರು ಕೇಳಿದರೂ, "ದಾರಿ ಹುಡುಕ್ತಾ ಇದೆ, ಬರುತ್ತೆ" ಎನ್ನುತ್ತಿದ್ದರು. ಅಲ್ಲಿಯವರೆಗೆ ಒಂದು ಕಾಯೂ ಬಿಡಿಸಲು ಆಗಿರಲಿಲ್ಲ.

ಅಂದೂ ಬಲಗೈಯಲ್ಲಿ ಒಂದು ಕಾಯಿ ಸುಮ್ಮನೆ ಕೂತಿತ್ತು. ಪಕ್ಕದಲ್ಲೇ ಕೂತಿದ್ದ ಅಂಕಲ್ ಮೆಲ್ಲಗೆ ಇನ್ನೊಂದನ್ನು ಎತ್ತಿಕೊಂಡರು.

"ಇಡ್ರೀ ಕೆಳಗೆ. ನಿಮಗೆ ಮಟರ್ ಪಲಾವ್ ಆಸೆ, ನನಗೆ ಕೈ ಆಸೆ" ಎಂದು ಆಂಟಿ ಅವರನ್ನೇ ನೋಡುತ್ತ ಗದರಿದರು. ಆಗಲೇ ಬಲಗೈಯ ಹೆಬ್ಬೆರಳು ತಾನಾಗಿ, ಬಹಳ ನಿಧಾನವಾಗಿ ಬಾಗಿತು. ಸಿಪ್ಪೆ ಬಿರಿದು ಕಾಳು ಮಡಿಲಿಗೆ ಉದುರಿದವು.

"ನೀವೇ ಬಿಡಿಸಿ ಹಾಕಿದ್ರಾ?"

ಅಂಕಲ್ ತಮ್ಮ ಕೈಯಲ್ಲಿದ್ದ ಇಡೀ ಕಾಯಿಯನ್ನು ತೋರಿಸಿದರು. ಆಂಟಿ ನಂಬಲಿಲ್ಲ. ನನ್ನ ಕಡೆ ತಿರುಗಿದರು. "ನೀನು ನೋಡಿದ್ಯಾ?"

"ನೋಡ್ದೆ ಆಂಟಿ. ನಿಮ್ಮ ಕೈಯೇ."

ಅವರಿಬ್ಬರೂ ಈಗಿಲ್ಲ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಪಂಜಾಬಿ ಭಾಭಿಯೂ ಅದನ್ನು ನೋಡಿದ್ದರು. ಅವರು ಇದ್ದಾರೆ. ಕೇಳಿದರೆ ಇಂದಿಗೂ ಹೆಬ್ಬೆರಳನ್ನು ನಿಧಾನವಾಗಿ ಬಾಗಿಸಿ ತೋರಿಸುತ್ತಾರೆ.