ಜಾರದ ತಟ್ಟೆ

ಹೊಸೂರಿನ ನಮ್ಮ ಬೀದಿಯಲ್ಲಿ ಪಂಚರ್ ಹಾಕುತ್ತಿದ್ದ ಅಣ್ಣನಿಗೆ ತನ್ನ ಸೈಕಲ್ಲಿನ ರಬ್ಬರ್ ಬುರುಡೆಯ ಹಾರನ್ ಎಂದರೆ ಪ್ರಾಣ. ಬೀದಿ ಖಾಲಿಯಿದ್ದರೂ ಅದನ್ನು ಹಿಚುಕಿ ಪಾಂ ಪಾಂ ಅನ್ನಿಸಿಯೇ ಹೋಗುತ್ತಿದ್ದ. ಯಾವ ಕೆಲಸ ಹೇಳಿದರೂ ಮೂಗು ಉಜ್ಜಿಕೊಂಡು, "ನೋಡಾನ ತಂಗಿ," ಅನ್ನುವುದು ಅವನ ಮಾತು.

ನಮ್ಮ ಯಜಮಾನರು ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದಿದ್ದರು. ಮುದ್ದೆ ಮುರಿಯಲು ಹೋದರೆ ನುಣುಪು ಕಲ್ಲಿನ ನೆಲದ ಮೇಲೆ ತಟ್ಟೆ ಜಾರುತ್ತಿತ್ತು. ನಾನು ಹಿಡಿದುಕೊಂಡರೆ ಅರ್ಧಕ್ಕೇ ಎದ್ದುಬಿಡುತ್ತಿದ್ದರು. ಒಮ್ಮೆ ಅದನ್ನು ಕಂಡ ಅಣ್ಣ, "ನೋಡಾನ ತಂಗಿ," ಎಂದಷ್ಟೇ ಹೇಳಿ ಹೋದ.

ಆಗ ರಬ್ಬರಿಗೆ ಬಲು ಬರ. ಮೊದಲ ಸಲ ತಟ್ಟೆಯ ಅಡಿಗಿಡಲು ಹಳೇ ಟ್ಯೂಬಿನಲ್ಲಿ ಮಾಡಿ ತಂದದ್ದು ನೆಲಕ್ಕೆ ಕಚ್ಚಿಕೊಳ್ಳಲಿಲ್ಲ. ಎರಡನೇ ಸಲ, ಬಟ್ಟಲಿನಂತೆ ಕತ್ತರಿಸಿದ ದಪ್ಪ ರಬ್ಬರನ್ನು ಸಣ್ಣ ಮಣೆಯ ಅಡಿಗೆ ಬಿಗಿದು, ಮೇಲೆ ತಟ್ಟೆಯ ಅಂಚು ಹಿಡಿಯಲು ತಗಡು ಬಡಿದು ತಂದ. ರಬ್ಬರಿಗೆ ನೀರು ಸವರಿ ನೆಲಕ್ಕೆ ಒತ್ತಿದ.

"ಒಳಗಿನ ಗಾಳಿ ಹೋಯ್ತು ಅಂದ್ರೆ ಅದೇ ಹಿಡ್ಕಂತದೆ. ಎಳ್ದು ನೋಡು ಬಾವ."

ಯಜಮಾನರು ಎಳೆದರು. ಅದು ಅಲ್ಲಾಡಲಿಲ್ಲ. ಅಂದು ಎರಡು ಮುದ್ದೆ ಉಂಡರು. "ನೀನೂ ಇಕ್ಕಂಡು ಕೂತ್ಕೊ," ಎಂದು ನನ್ನನ್ನು ಕರೆದರು.

ಮರುದಿನ ಬೆಳಿಗ್ಗೆ ಅಣ್ಣ ಸೈಕಲ್ ತುಳಿಯುತ್ತಾ ನಮ್ಮ ಬಾಗಿಲು ದಾಟಿದ. ಬಾಯಲ್ಲೇ ಪಾಂ ಪಾಂ ಅನ್ನುತ್ತಿದ್ದ.